ಆ ಗಳಿಗೆಗೆ ಕನ್ನಡದಲ್ಲಿ ಏನು ಹೇಳೋಣ? ಅನಾವರಣ, ಒಕ್ಕಲು, ಕಾಂಬುದು

ಎಲ್ಲರಿಗೂ ನಮಸ್ಕಾರ.

ಟಿವಿಯಲ್ಲಿ ಹೊಸದು ಮಾಡಿದ ಮನೆಯನ್ನು ಮನೆಯವರಿಗೆ ಮೊದಲ ಸಲ ತೋರಿಸುವ ಗಳಿಗೆಗೆ ಒಂದು ಪದ ಹುಡುಕುತ್ತಿದ್ದೇನೆ. ಜೊತೆಗೆ ಇನ್ನು ನಾಲ್ಕೈದು ಪದಗಳು ನಿಮ್ಮ ಊರಿನಲ್ಲಿ ಹೇಗೆ ಬಳಕೆಯಲ್ಲಿವೆ ಅಂತ ಕೇಳುವುದಿದೆ. ಸ್ವಲ್ಪ ಉದ್ದವಾಗುತ್ತದೆ. ಪದ ಎಲ್ಲಿ ಬೇಕಾಯಿತು ಅಂತ ಹೇಳದೆ ಕೇಳಿದರೆ ಶಬ್ದಕೋಶದ ಉತ್ತರವೇ ಬರುತ್ತದೆ, ಅಲ್ವಾ?

ನಾವಿರುವುದು ಉಡುಪಿಯಲ್ಲಿ. ಅಮ್ಮನ ತವರು ಕುಂದಾಪುರದ ಕಡೆ. ಅವರಿಗೆ ಈಗ ಎಪ್ಪತ್ತೆಂಟು, ಮೊಣಕಾಲು ನೋವು, ಹೊರಗೆ ಓಡಾಟ ಕಡಿಮೆ. ಎರಡು ವರ್ಷದಿಂದ ಹಳೆ ಮನೆಯನ್ನು ಹೊಸದು ಮಾಡುವ ಟಿವಿ ಕಾರ್ಯಕ್ರಮಗಳ ರುಚಿ ಹತ್ತಿದೆ. ಮೊದಲು ಕೇಬಲ್‌ನಲ್ಲಿ ನೋಡುತ್ತಿದ್ದರು, ಈಗ ಯೂಟ್ಯೂಬ್‌ನಲ್ಲಿ. ಅಮೆರಿಕದ್ದು, ಇಂಗ್ಲೆಂಡಿನದ್ದು, ಆಸ್ಟ್ರೇಲಿಯಾದ್ದು, ಯಾವುದಾದರೂ ಸರಿ. ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕು.

ತೊಂದರೆ ಬಂದದ್ದು ಕೊನೆಯಲ್ಲಿ. ನೀವು ನೋಡಿರಬಹುದು. ಕೆಲಸ ಎಲ್ಲ ಮುಗಿದಿರುತ್ತದೆ. ಗಂಡ ಹೆಂಡತಿಯನ್ನು ಕಣ್ಣು ಮುಚ್ಚಿಸಿ ಕರೆದುಕೊಂಡು ಬರುತ್ತಾರೆ. ಒಂದು, ಎರಡು, ಮೂರು ಅನ್ನುತ್ತಾರೆ. ಕಣ್ಣು ಬಿಡುತ್ತಾರೆ. ಹೆಂಡತಿ ಎರಡೂ ಕೈ ಬಾಯಿಗೆ ಹಿಡಿದು ಅಳುತ್ತಾಳೆ. ಇಂಗ್ಲಿಷಿನವರು ಇದಕ್ಕೆ ‘ರಿವೀಲ್’ ಅನ್ನುತ್ತಾರೆ. ಮೊದಲ ದಿನ ನಾನು ಪತ್ರಿಕೆಯ ಅಭ್ಯಾಸದಲ್ಲಿ “ಈಗ ಅನಾವರಣ” ಅಂದೆ. ಅಮ್ಮ ತಿರುಗಿ ಕೇಳಿದರು: “ಯಾರ್ ಮೂರ್ತಿ?”

ಸರಿಯಾಗಿಯೇ ಕೇಳಿದರು. ನಮ್ಮಲ್ಲಿ ಅನಾವರಣ ಆಗುವುದು ಪ್ರತಿಮೆಗೆ, ಫಲಕಕ್ಕೆ, ಭಾವಚಿತ್ರಕ್ಕೆ. ಅಲ್ಲೊಬ್ಬರು ಅತಿಥಿ ಇರಬೇಕು, ಒಂದು ಪರದೆ ಇರಬೇಕು. ತನ್ನದೇ ಮನೆಯ ಬಾಗಿಲಲ್ಲಿ ನಿಂತು ಅಳುವ ಹೆಂಗಸಿಗೆ ಆ ಪದ ಹೊಂದುವುದಿಲ್ಲ.

ಈ ಗಳಿಗೆ ಟಿವಿಗೆ ಎಲ್ಲಿಂದ ಬಂತು ಅಂತ ಸ್ವಲ್ಪ ಹುಡುಕಿದೆ. 1979ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಟಿವಿಯಲ್ಲಿ ‘ದಿಸ್ ಓಲ್ಡ್ ಹೌಸ್’ ಶುರುವಾದಾಗ ಜನರನ್ನು ಹಿಡಿದು ಕೂರಿಸಿದ್ದು ಕೆಲಸವೇ. ಒಂದು ಹಳೆ ಮನೆಯನ್ನು ವಾರ ವಾರ ಸರಿಮಾಡುತ್ತಾ ಹೋಗುತ್ತಿದ್ದರು. ಬಡಗಿ ಏನು ಮಾಡುತ್ತಾನೆ, ಪ್ಲಂಬರ್ ಏನು ಮಾಡುತ್ತಾನೆ ಅಂತ ಕಲಿಸುತ್ತಿದ್ದರು. 1996ರಲ್ಲಿ ಬಿಬಿಸಿಯಲ್ಲಿ ‘ಚೇಂಜಿಂಗ್ ರೂಮ್ಸ್’ ಬಂತು. ಅದರಲ್ಲಿ ನೆರೆಹೊರೆಯವರು ಒಬ್ಬರ ಕೋಣೆಯನ್ನು ಇನ್ನೊಬ್ಬರು ಎರಡು ದಿನದಲ್ಲಿ ಬದಲು ಮಾಡಬೇಕು, ಖರ್ಚು 500 ಪೌಂಡಿನ ಒಳಗೆ. ಕೊನೆಗೆ ಕಣ್ಣು ಮುಚ್ಚಿಸಿ ತಂದು ನಿಲ್ಲಿಸುವುದು. ಅಲ್ಲಿ ತೂಕ ಪೂರ್ತಿ ಆ ಗಳಿಗೆಗೆ ಬಂತು. 2003ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಕಾರ್ಯಕ್ರಮದಲ್ಲಂತೂ ಮನೆಯವರನ್ನು ಒಂದು ವಾರ ಪ್ರವಾಸಕ್ಕೆ ಕಳಿಸಿ, ಹೊಸ ಮನೆಯ ಮುಂದೆ ದೊಡ್ಡ ಬಸ್ ಅಡ್ಡ ನಿಲ್ಲಿಸಿ, ಊರ ಜನ ಎಲ್ಲ ಸೇರಿ “ಬಸ್ ಸರಿಸಿ” ಅಂತ ಕೂಗುತ್ತಿದ್ದರು.

ಆ ಬಸ್ ನೋಡಿದ ಕೂಡಲೇ ಅಮ್ಮನಿಗೆ ಯಕ್ಷಗಾನದ ತೆರೆ ನೆನಪಾಯಿತು. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಬಣ್ಣದ ವೇಷ ಹಿಂದೆ ಇದ್ದುಕೊಂಡೇ ಅಬ್ಬರ ಕೊಡುತ್ತದೆ. ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ. ಚೆಂಡೆ ಏರುತ್ತದೆ. ಮುಖ ಆಮೇಲೆ. ಇನ್ನೇನು ಬಂತು ಅನ್ನುವ ಆ ಕಾಯುವಿಕೆಯಲ್ಲೇ ಅರ್ಧ ಸುಖ ಇದೆ. ಹಾಗಾಗಿ ಕೆಲವು ದಿನ ನಮ್ಮ ಮನೆಯಲ್ಲಿ “ತೆರೆ ತೆಗೆದರು” ಅನ್ನುವ ಮಾತು ನಡೆಯಿತು. ಬಸ್ಸಿಗೆ ಚೆನ್ನಾಗಿ ಹೊಂದಿತು. ಬಸ್ ಇಲ್ಲದ ಕಾರ್ಯಕ್ರಮಕ್ಕೆ ಅಷ್ಟು ಹೊಂದಲಿಲ್ಲ.

ಇನ್ನೊಂದು ದಿನ, ಬಾಗಿಲು ತೆಗೆದು ಮನೆಯವರು ಒಳಗೆ ಹೋಗಿ ಸೋಫಾದಲ್ಲಿ ಕೂತೇಬಿಟ್ಟರು. ಅಮ್ಮ ಬೇಸರದಲ್ಲೇ ಕೇಳಿದರು: “ಇವ್ರ್ ಒಕ್ಲ್ ಮಾಡುದಿಲ್ಯಾ?”

ಇಲ್ಲಿ ನಾನು ನಿಂತುಬಿಟ್ಟೆ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಹೊಸ ಮನೆಗೆ ಹೋಗುವ ಕಾರ್ಯಕ್ಕೆ ಒಕ್ಕಲು ಅನ್ನುತ್ತಾರೆ. ಕಾರ್ಡಿನಲ್ಲಿ ಗೃಹಪ್ರವೇಶ, ಬಾಯಲ್ಲಿ ಒಕ್ಕಲು. ತುಳುವಿನಲ್ಲಿ ಇಲ್ಲೊಕ್ಕೆಲ್. ಒಕ್ಕಲು ಅಂದರೆ ಒಂದು ಜಾಗದಲ್ಲಿ ನೆಲೆ ನಿಲ್ಲುವುದು, ಹಾಗೆ ನೆಲೆ ನಿಂತವನು, ಅವನ ಸಂಸಾರ. ಅದರಿಂದಲೇ ಒಕ್ಕಲುತನ, ಒಕ್ಕಲಿಗ. ಇನ್ನೊಬ್ಬರ ಭೂಮಿಯಲ್ಲಿ ಗೇಣಿಗೆ ಕೂತವನೂ ಒಕ್ಕಲು. ಒಕ್ಕಲೆಬ್ಬಿಸು ಅನ್ನುವ ಮಾತಿನಲ್ಲಿ ಆ ಅರ್ಥ ಇವತ್ತಿಗೂ ಗಟ್ಟಿಯಾಗಿ ಉಳಿದಿದೆ.

ನನ್ನ ಅಜ್ಜ ಅಂಥ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಅವರೂ ಎಲ್ಲರ ಹಾಗೆ, ಗೇಣಿಗಿದ್ದ ಜಾಗ ತಮ್ಮ ಹೆಸರಿಗೆ ಆಗಬೇಕು ಅಂತ ಡಿಕ್ಲರೇಶನ್ ಹಾಕಿದರು. ಜಾಗ ಕೈಗೆ ಬಂದ ಮೇಲೆ ಮನೆ ಕಟ್ಟಿದರು. ಆ ಮನೆಯ ಒಕ್ಕಲಿನ ದಿನ ಅಮ್ಮ ಹೊಸ ಮಡಕೆಯಲ್ಲಿ ಹಾಲು ಉಕ್ಕಿಸಿದ್ದನ್ನು ಈಗಲೂ ಹೇಳುತ್ತಾರೆ. ಒಕ್ಕಲಾಗಿದ್ದವರು ಒಕ್ಕಲು ಮಾಡಿದರು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂತಿರುವುದು ನನಗೆ ಬಹಳ ದೊಡ್ಡ ವಿಷಯ. ಗೃಹಪ್ರವೇಶ ಅಂದರೆ ಅದು ಹೋಗಿಬಿಡುತ್ತದೆ.

ಆದರೂ ‘ರಿವೀಲ್’ಗೆ ಒಕ್ಕಲು ಅನ್ನಲು ಮನಸ್ಸು ಒಪ್ಪಲಿಲ್ಲ. ಒಕ್ಕಲು ಆಗುವುದು ಕಾಲಿಂದ, ಹಾಲಿಂದ, ಬಂದ ನೆಂಟರ ಊಟದಿಂದ. ಅಲ್ಲಿ ಆಶ್ಚರ್ಯ ಏನೂ ಇಲ್ಲ. ಮನೆಯವರು ದಿನಾ ಹೋಗಿ ಗೋಡೆಗೆ ನೀರು ಹಾಕಿ ಬಂದಿರುತ್ತಾರೆ, ಒಂದೊಂದು ಕಲ್ಲೂ ಗೊತ್ತಿರುತ್ತದೆ. ಟಿವಿಯ ಗಳಿಗೆ ಕಣ್ಣಿನದ್ದು. ಮನೆಯವರಿಗೇ ಮನೆ ಹೊಸದು.

ಈಗ ಉಳಿದ ಪದಗಳು.

ಗೋಡೆ ಒಡೆಯುವ ದಿನಕ್ಕೆ ಆ ಕಾರ್ಯಕ್ರಮಗಳಲ್ಲಿ ದೊಡ್ಡ ಸಂಭ್ರಮ. ಸುತ್ತಿಗೆ ಎತ್ತಿ ಒಂದೇ ಏಟು, ಗೋಡೆಯಲ್ಲಿ ತೂತು. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಅಲ್ಲಿಯ ಒಳಗೋಡೆಗಳು ಜಾಸ್ತಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ನಮ್ಮದು ಮುರಕಲ್ಲಿನ ಗೋಡೆ. ಕಣಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಒಂದು ಏಟಿಗೆ ಏನೂ ಆಗುವುದಿಲ್ಲ. ಆದರೆ ನನಗೆ ಹೇಳಬೇಕಾದ್ದು ಬೇರೆ. ನಮ್ಮಲ್ಲಿ ಹಳೆ ಮನೆಯನ್ನು ಒಡೆಯುವುದು ಅನ್ನುವುದಿಲ್ಲ, ಬಿಚ್ಚುವುದು ಅನ್ನುತ್ತಾರೆ. “ಅವರ ದೊಡ್ಡ ಮನೆ ಬಿಚ್ಚಿದರಂತೆ.” ಹಂಚು ಇಳಿಸುತ್ತಾರೆ, ರೀಪು ತೆಗೆಯುತ್ತಾರೆ, ಪಕ್ಕಾಸು, ತೊಲೆ, ಕಂಬ, ಬಾಗಿಲು. ಎಲ್ಲವೂ ಇನ್ನೊಂದು ಮನೆಗೆ ಹೋಗುತ್ತದೆ. ಗಂಟು ಬಿಚ್ಚಿದ ಹಾಗೆ, ಮತ್ತೆ ಕಟ್ಟಬಹುದು ಅನ್ನುವ ಅರ್ಥ ಆ ಕ್ರಿಯಾಪದದಲ್ಲೇ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಸಂಸ್ಕೃತಿ ಗ್ರಾಮ ಮಾಡಿದ್ದು ಹೀಗೆಯೇ ಅಲ್ವಾ? ಬೇರೆ ಬೇರೆ ಊರಿನ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿಗೆ ಒಮ್ಮೆ ಹೋದವರಿಗೆ ಬಿಚ್ಚು ಅನ್ನುವ ಪದದ ಬೆಲೆ ಗೊತ್ತಾಗುತ್ತದೆ. ಬಯಲುಸೀಮೆಯಲ್ಲಿ ಮನೆಗೆ ಈ ಪದ ಬಳಸುತ್ತಾರಾ? ತಿಳಿಸಿ.

ಮನೆ ಸರಿಮಾಡುವ ಕೆಲಸಕ್ಕೆ ನವೀಕರಣ ಅನ್ನುವುದು ಪತ್ರಿಕೆಯ ಮಾತು. ಪರವಾನಗಿಯನ್ನೂ ನವೀಕರಿಸುತ್ತಾರೆ, ಮನೆಯನ್ನೂ ನವೀಕರಿಸುತ್ತಾರೆ. ಜೀರ್ಣೋದ್ಧಾರ ದೇವಸ್ಥಾನಕ್ಕೆ, ದೈವಸ್ಥಾನಕ್ಕೆ ಮೀಸಲು. ರಿಪೇರಿ ಅಂದರೆ ಸಣ್ಣದಾಯಿತು. ಅಮ್ಮ ಹೇಳುವುದು ಕೈಯಾಡಿಸು. “ಇವರು ಮನೆಗೆ ಚೆಂದ ಕೈಯಾಡಿಸಿದ್ದಾರೆ.”

ಇದು ಹಂಚಿನ ಮಾಡಿನಿಂದ, ಅಂದರೆ ಸೂರಿನಿಂದ, ಬಂದ ಮಾತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಸೋಗೆ, ಹುಲ್ಲು ಹೊದಿಸುತ್ತಿದ್ದ ಮನೆಗಳಿಗೆ ನಿಧಾನಕ್ಕೆ ಹಂಚು ಬಂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಹಾಗಾಗಿ ಮಳೆಗಾಲದ ಮೊದಲು, ಮೇ ತಿಂಗಳಲ್ಲಿ, ಹಂಚು ಕೈಯಾಡಿಸಲೇಬೇಕು. ಒಬ್ಬರು ಮಾಡಿಗೆ ಹತ್ತುತ್ತಾರೆ. ಒಂದೊಂದೇ ಹಂಚನ್ನು ಎತ್ತಿ, ಕೆಳಗೆ ಸೇರಿದ ತರಗೆಲೆ ತೆಗೆದು, ಒಡೆದದ್ದನ್ನು ಬದಲಿಸಿ, ಜಾರಿದ್ದನ್ನು ಕೂರಿಸುತ್ತಾ ಹೋಗುತ್ತಾರೆ. ನಮ್ಮ ಅಡುಗೆಮನೆಗೆ ಮುಚ್ಚಿಗೆ ಇರಲಿಲ್ಲ. ಅಮ್ಮ ಬಾಗಿಲು ಹಾಕಿ ಕತ್ತಲೆ ಮಾಡಿಕೊಂಡು ಒಳಗೆ ನಿಂತು ಮೇಲೆ ನೋಡುತ್ತಿದ್ದರು. ಒಡಕು ಇರುವಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತಿತ್ತು. “ಕನ್ನಡಿ ಹಂಚಿನಿಂದ ಮೂರನೇದು, ಅಲ್ಲ, ಇನ್ನೊಂದು ಸ್ವಲ್ಪ ಕೆಳಗೆ” ಅಂತ ಕೂಗುತ್ತಿದ್ದರು. ಮೇಲಿನಿಂದ ಕೈ ಬಂದು ಆ ಬೆಳಕು ಮುಚ್ಚುತ್ತಿತ್ತು. ಮೈಮೇಲೆಲ್ಲ ಮಸಿ, ಧೂಳು.

ಅಮ್ಮ ಈ ಕಾರ್ಯಕ್ರಮಗಳನ್ನು ಯಾಕೆ ಇಷ್ಟು ಪ್ರೀತಿಯಿಂದ ನೋಡುತ್ತಾರೆ ಅಂತ ನನಗೆ ಅರ್ಥವಾದದ್ದು ಈ ಪದದಿಂದ. ಶ್ರೀಮಂತರ ಮನೆ ನೋಡುವ ಆಸೆ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. ಅವರು ಮುಗಿದ ಮನೆಗಿಂತ ಜಾಸ್ತಿ ಹೊತ್ತು ನೋಡುವುದು ಸೋರುವ ಜಾಗವನ್ನು, ಗೆದ್ದಲು ಹಿಡಿದ ತೊಲೆಯನ್ನು. ಐವತ್ತು ವರ್ಷ ಒಂದು ಮನೆಗೆ ಕೈಯಾಡಿಸಿದವರು ಅವರು. ಇನ್ನೊಬ್ಬರ ಮನೆ ಸರಿಯಾಗುವುದನ್ನು ಕಂಡರೆ ಅವರಿಗೆ ತಮ್ಮದೇ ಮಾಡಿನ ಒಂದು ತೂತು ಮುಚ್ಚಿದಷ್ಟು ಸಮಾಧಾನ.

ಮೂಳೆ ಚೆನ್ನಾಗಿದೆ ಅಂತ ಆ ಕಡೆಯವರು ಹಳೆ ಮನೆಯನ್ನು ಹೊಗಳುತ್ತಾರೆ. ನಮ್ಮಲ್ಲಿ “ಪಂಚಾಂಗ ಗಟ್ಟಿ ಇದೆ” ಅಂದರೆ ಆಯಿತು. ಪಂಚಾಂಗ ಅಂದರೆ ಇಲ್ಲಿ ತಿಥಿ ನಕ್ಷತ್ರದ ಪುಸ್ತಕ ಮಾತ್ರ ಅಲ್ಲ, ಮನೆಯ ಅಡಿಪಾಯವೂ ಹೌದು. ಆ ಅರ್ಥ ಹೇಗೆ ಬಂತು ಅಂತ ತಿಳಿದವರು ದಯವಿಟ್ಟು ಬರೆಯಿರಿ.

‘ಪ್ರಾಪರ್ಟಿ’ಗೆ ಆಸ್ತಿ ಅಂದೆ ಒಂದು ದಿನ. ಕೆನಡಾದ ಅವಳಿ ಸಹೋದರರ ಕಾರ್ಯಕ್ರಮ ಅದು. ಒಬ್ಬ ಮನೆ ಕೊಡಿಸುತ್ತಾನೆ, ಇನ್ನೊಬ್ಬ ಕಟ್ಟಿಸುತ್ತಾನೆ. ಆಸ್ತಿ, ಅಣ್ಣತಮ್ಮಂದಿರು ಅಂದ ಕೂಡಲೇ ಅಮ್ಮನಿಗೆ ಪಾಲಿನ ಗಲಾಟೆ ಅಂತ ಅನಿಸಿತು. ಜಾಗ ಅಂದಿದ್ದರೆ ಸಾಕಿತ್ತು. ಬೆಂಗಳೂರಿನವರು ಸೈಟ್ ಅನ್ನುವುದನ್ನು ನಾವು ಇಲ್ಲಿ ಜಾಗ ಅನ್ನುತ್ತೇವೆ, ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತೇವೆ.

ಇನ್ನು ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಗಾದೆಯಲ್ಲಿರುವ ನೋಡು ಕಣ್ಣಿನದ್ದಲ್ಲ. ತಿಂದು ನೋಡು, ಕೇಳಿ ನೋಡು ಇದ್ದ ಹಾಗೆ, ಅನುಭವಿಸಿದರೆ ತಿಳಿಯುತ್ತದೆ ಅಂತ ಅರ್ಥ. ಟಿವಿಯ ಮುಂದೆ ಕೂತವರಿಗೆ ಕಟ್ಟುವ ಕಷ್ಟ ಇಲ್ಲ, ಕಣ್ಣಿನ ನೋಡು ಮಾತ್ರ. ಹಾಗಾಗಿ ‘ರಿವೀಲ್’ಗೆ ನೋಡು ಧಾತುವಿನಿಂದ ಏನಾದರೂ ಮಾಡೋಣ ಅಂತ ಯೋಚಿಸಿದೆ. ಮನೆ ನೋಡುವುದು ಅಂದರೆ ಸಂಬಂಧಕ್ಕೆ ಹೋದ ಹಾಗಾಯಿತು. ತೋರು ಧಾತು ಹಿಡಿದೆ. ತೋರಿಕೆ ಅಂದರೆ ಒಳಗೊಂದು ಹೊರಗೊಂದು ಅನ್ನುವ ಅರ್ಥ ಬಂದುಬಿಡುತ್ತದೆ.

ಕಳೆದ ವಾರ ಕೊನೆಯ ಐದು ನಿಮಿಷ ಇರುವಾಗ ನಾನು ಎದ್ದು ಒಲೆ ಆರಿಸಲು ಹೋದೆ. ಅಮ್ಮ ಕರೆದರು: “ಬಾ ಬಾ, ಈಗ ಮನಿ ಕಾಂಬುದ್.”

ಕಾಂಬುದು. ಕುಂದಾಪುರದ ಕನ್ನಡದಲ್ಲಿ ನೋಡು ಅನ್ನುವಲ್ಲೆಲ್ಲ ಕಾಣು ಬರುತ್ತದೆ. ಕಾಣಿ, ಕಾಂಬ, ಕಾಂಬುದು. ಆದರೆ ನನ್ನ ಕಿವಿಗೆ ಅವತ್ತು ಕಾಣು ಧಾತುವಿನ ಇನ್ನೊಂದು ಅರ್ಥವೂ ಕೇಳಿತು. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ತಾನಾಗಿ ಕಣ್ಣಿಗೆ ಬರುವುದು. ಎಷ್ಟು ನೋಡಿದರೂ ಕಾಣಲಿಲ್ಲ ಅನ್ನುತ್ತೇವೆ. ಆ ಹೆಂಗಸು ಕಣ್ಣು ಮುಚ್ಚಿ ನಿಂತಿದ್ದಾಳೆ, ನೋಡುತ್ತಿಲ್ಲ. ಕಣ್ಣು ಬಿಟ್ಟಾಗ ಮನೆ ಕಾಣುತ್ತದೆ. ಅಷ್ಟೇ ಆಗುವುದು ಅಲ್ಲಿ.

ಮನೆಯಲ್ಲಿ ಮಾತಾಡಲು “ಮನೆ ಕಾಣುವ ಹೊತ್ತು” ಸಾಕು. ಆದರೆ ಉಪಶೀರ್ಷಿಕೆ ಬರೆಯುವವರಿಗೆ, ವಿಡಿಯೊ ಮಾಡುವವರಿಗೆ ಒಂದು ಚಿಕ್ಕ ನಾಮಪದ ಬೇಕಲ್ವಾ? ಮನೆಗಾಣಿಕೆ ಅಂತ ಒಂದು ಮಾಡಿದ್ದೇನೆ. ಕಾಣಿಕೆ ಅಂದರೆ ಈಗ ಹುಂಡಿಗೆ ಹಾಕುವುದು, ಒಕ್ಕಲಿಗೆ ಬಂದವರು ಕೈಗೆ ಕೊಡುವುದು. ಆದರೂ ಅದು ಕಾಣು ಧಾತುವಿನದ್ದೇ. ಮನೆಗಾಣಿಕೆ ಅಂದರೆ ನಿಮ್ಮ ಕಿವಿಗೆ ಉಡುಗೊರೆ ಕೇಳುತ್ತದಾ, ಮನೆ ಕಂಡ ಗಳಿಗೆ ಕೇಳುತ್ತದಾ? ಶಿರಸಿ, ಸಾಗರ, ಧಾರವಾಡದ ಕಡೆಯವರು ಮುಖ್ಯವಾಗಿ ಬರೆಯಿರಿ. ಬಂದ ಉತ್ತರಗಳನ್ನು ಅಮ್ಮನಿಗೆ ಓದಿ ಹೇಳುತ್ತೇನೆ.