ಗೇಮ್ ಹಾಕಿದ ಸ್ವಲ್ಪ ಹೊತ್ತಿಗೆ ಪಿಸಿ ಟಪ್ ಅಂತ ಆಫ್, ಯಾರಾದರೂ ಸಹಾಯ ಮಾಡಿ (ಬಜೆಟ್ ಬಿಲ್ಡ್, ಕಲಬುರಗಿ)

ಜೇವರ್ಗಿ_ರೋಡ್_ಗೇಮರ್:
ಸಾಕಾಗಿ ಹೋಗಿದೆ. ಟ್ಯೂಷನ್ ಹೇಳಿ ಕೂಡಿಸಿಟ್ಟ ದುಡ್ಡಲ್ಲಿ ಪಿಸಿ ಕಟ್ಟಿದ್ದೇನೆ. 30 ಸಾವಿರ ದಾಟಬಾರದು ಅಂತ ಇತ್ತು, ದಾಟಲಿಲ್ಲ. ರೈಜನ್ 5 3600 ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಿ450 ಮದರ್‌ಬೋರ್ಡ್, 8+8 ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ. ವ್ಯಾಲರಂಟ್ ಗಂಟೆಗಟ್ಟಲೆ ಆಡಿದರೂ ಏನೂ ಆಗಲ್ಲ. ಜಿಟಿಎ 5 ಹಾಕಿದರೆ ಸ್ವಲ್ಪ ಹೊತ್ತಿಗೆ ಕರೆಂಟ್ ಹೋದ ಹಾಗೆ ಎಲ್ಲಾ ಆಫ್. ನೀಲಿ ಪರದೆ ಬರಲ್ಲ, ಎರರ್ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿದೆ, ಡ್ರೈವರ್ ಬದಲಿಸಿದೆ. ಅಂಗಡಿಯವರು ‘ಗೇಮ್ ಸರಿಯಿಲ್ಲ’ ಅಂತಾರೆ. ಏನು ಮಾಡಲಿ?

ತೊಗರಿ_ನಾಡು:
ಇದು ಬಿಸಿಯ ಸಮಸ್ಯೆ, ಬೇರೆ ಏನೂ ಅಲ್ಲ. ಮೇ ತಿಂಗಳ ಕಲಬುರಗಿ, ಹೊರಗೆ 43 ಡಿಗ್ರಿ. ಬೆಂಗಳೂರಿನವರು ಯೂಟ್ಯೂಬ್‌ನಲ್ಲಿ 25 ಡಿಗ್ರಿ ರೂಮಲ್ಲಿ ಕೂತು ತೋರಿಸುವ ಲೆಕ್ಕ ನಮಗೆ ನಡೆಯಲ್ಲ. ರೂಮ್ ಎಷ್ಟು ಕಾಯುತ್ತದೋ ಒಳಗಿನ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೆ ಹೋಗುತ್ತದೆ. ಕಾರ್ಡ್ ಬಿಚ್ಚಿ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್) ಬದಲಿಸಿ. 580 ಕಾರ್ಡ್‌ಗಳಲ್ಲಿ ಜಾಸ್ತಿ ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದು ಬಂದವೇ, ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ.

ಜೇವರ್ಗಿ_ರೋಡ್_ಗೇಮರ್:
ಟೆಂಪರೇಚರ್ ನೋಡಿದ್ದೇನೆ ಅಣ್ಣಾ. ಆಫ್ ಆಗುವ ಮುಂಚೆ ಪ್ರೊಸೆಸರ್ 78, ಕಾರ್ಡ್ 76.

ತೊಗರಿ_ನಾಡು:
ಅದು ಕೋರ್‌ನ ಬಿಸಿ ಮಾತ್ರ. ವಿಆರ್‌ಎಂ (ಚಿಪ್‌ಗೆ ವೋಲ್ಟೇಜ್ ಹದ ಮಾಡಿ ಕೊಡುವ ಭಾಗ) ಎಷ್ಟಿದೆ ಅಂತ ನೋಡಿದ್ದೀರಾ? ಸೈಡ್ ಪ್ಯಾನೆಲ್ ತೆಗೆದು ಆಡಿ.

ಶಹಾಬಾದ್_ಕಲ್ಲು:
ಎಸ್‌ಎಂಪಿಎಸ್ (ಪವರ್ ಸಪ್ಲೈ) ಯಾವುದು? ಅದನ್ನೇ ಬರೆದಿಲ್ಲ.

ಬೀದರ್_ಬಿಲ್ಡ್ಸ್:
ಕಲಬುರಗಿಯಲ್ಲಿ ಯಾಕೆ ತಗೊಂಡ್ರಿ? ರೈಲು ಹತ್ತಿದರೆ ಸಿಕಂದರಾಬಾದ್, ಅಲ್ಲಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಯಲ್ಲಿ ಇದೇ ದುಡ್ಡಿಗೆ ಇನ್ನೂ ಒಳ್ಳೆಯ ಕಾರ್ಡ್ ಸಿಗುತ್ತಿತ್ತು. ಮತ್ತೆ 3600 ಯಾಕೆ? ಇಂಟೆಲ್‌ನ 12100ಎಫ್ ನಾಲ್ಕೇ ಕೋರ್ ಇದ್ದರೂ ಗೇಮ್‌ಗಳಲ್ಲಿ ಅದಕ್ಕಿಂತ ಮುಂದೆ.

ಜೇವರ್ಗಿ_ರೋಡ್_ಗೇಮರ್:
ಎಸ್‌ಎಂಪಿಎಸ್ 450 ವ್ಯಾಟ್. ಕ್ಯಾಬಿನೆಟ್ ಜೊತೆ ಬಂದದ್ದು. ಸಾಕಲ್ವಾ? ಸೈಡ್ ಪ್ಯಾನೆಲ್ ತೆಗೆದು ಟೇಬಲ್ ಫ್ಯಾನ್ ಇಟ್ಟೆ, ಕಾರ್ಡ್ 69ಕ್ಕೆ ಇಳಿಯಿತು. ಆದರೂ ಆಫ್.

ಭೀಮಾ_ತೀರ:
ಸಿಟಿಸಿಯಲ್ಲಿ ತಂದ ಬೋರ್ಡ್ ಕೆಟ್ಟರೆ ವಾರಂಟಿಗೆ ಮತ್ತೆ ಅಲ್ಲಿಗೇ ಓಡಬೇಕು. ರಜೆ, ರೈಲು ಖರ್ಚು ಎಲ್ಲ ಸೇರಿಸಿ ನೋಡಿ. ಊರಲ್ಲಿ 500 ಜಾಸ್ತಿ ಕೊಟ್ಟರೂ ತಪ್ಪಿಲ್ಲ. 3600 ಆರು ಕೋರ್, ಎಎಂ4 ಸಾಕೆಟ್ ಬೋರ್ಡ್. ಮುಂದೆ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ ರೈಜನ್ 5 5600 ಹಾಕಬಹುದು. ಬಡವರಿಗೆ ಅದೇ ಸರಿ.

ಬೀದರ್_ಬಿಲ್ಡ್ಸ್:
ವಾರಂಟಿ ಕೊರಿಯರ್‌ನಲ್ಲೂ ಆಗುತ್ತದೆ. ನಂದು ಆರ್‌ಟಿಎಕ್ಸ್ 4060, 650 ವ್ಯಾಟ್ ಗೋಲ್ಡ್, ಬಿಳಿ ಕ್ಯಾಬಿನೆಟ್, ಆರು ಫ್ಯಾನ್. 115 ವ್ಯಾಟ್ ಕಾರ್ಡ್, ಬೀದರ್ ಬಿಸಿಲಿಗೂ 65 ದಾಟಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಶಹಾಬಾದ್_ಕಲ್ಲು:
ಫೋಟೋ ಆಮೇಲೆ ಹಾಕಿ, ಹುಡುಗನ ಪಿಸಿ ಮೊದಲು ನೋಡೋಣ. ಗೇಮರ್, 450 ಅನ್ನುವುದು ಡಬ್ಬದ ಮೇಲಿನ ಮಾತು. ಎಸ್‌ಎಂಪಿಎಸ್ ಪಕ್ಕದ ಸ್ಟಿಕರ್‌ನಲ್ಲಿ +12ವಿ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಎಷ್ಟು ಆಂಪ್ ಬರೆದಿದೆ? ಇನ್ನೊಂದು, ಆ ಕಾರ್ಡ್‌ಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಎಲ್ಲಿಂದ ಬಂದಿದೆ?

ತೊಗರಿ_ನಾಡು:
ವಿಂಡೋಸ್‌ನ ಈವೆಂಟ್ ವ್ಯೂವರ್ (ಎರರ್‌ಗಳ ದಾಖಲೆ) ನೋಡಿ. ಕರ್ನೆಲ್ ಪವರ್ 41 ಬಂದಿದ್ದರೆ ಓವರ್‌ಹೀಟ್ ಗ್ಯಾರಂಟಿ.

ಶಹಾಬಾದ್_ಕಲ್ಲು:
ಹಾಗೇನೂ ಇಲ್ಲ. 41 ಬಂದರೆ ‘ವಿಂಡೋಸ್ ಸರಿಯಾಗಿ ಮುಚ್ಚದೆ ನಿಂತಿತು’ ಅಂತ ಅಷ್ಟೇ ಗೊತ್ತಾಗುತ್ತದೆ. ವೈರ್ ಕಿತ್ತರೂ 41, ಬಿಸಿಯಾದರೂ 41.

ಜೇವರ್ಗಿ_ರೋಡ್_ಗೇಮರ್:
+12ವಿ ಮುಂದೆ 16ಎ ಅಂತ ಇದೆ. 8 ಪಿನ್ ಇರಲಿಲ್ಲ, ಅಂಗಡಿಯವರು ಒಂದು ಕನ್ವರ್ಟರ್ ಕೊಟ್ಟರು. ಎರಡು ಸಾಟಾ ವೈರ್ (ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವವು) ಸೇರಿ 8 ಪಿನ್ ಆಗುತ್ತದೆ. ಎಲ್ಲರೂ ಹಾಗೇ ಹಾಕುತ್ತಾರೆ ಅಂದರು. ಪಿಸಿ 600 ವಿಎ ಯುಪಿಎಸ್‌ನಲ್ಲಿದೆ, ಮಾನಿಟರ್ ಕೂಡ ಅದರಲ್ಲೇ.

ಶಹಾಬಾದ್_ಕಲ್ಲು:
ಈಗ ಸರಿಯಾಯಿತು ನೋಡ್ರಿ. ಮೊದಲು ಗೇಮ್ ಆಡುವುದು ನಿಲ್ಲಿಸಿ, ಆ ಕನ್ವರ್ಟರ್ ಕೈಯಲ್ಲಿ ಮುಟ್ಟಿ ನೋಡಿ, ಬಿಸಿಯಾಗಿ ಬಣ್ಣ ತಿರುಗಿದೆಯಾ ಅಂತ.

12 ವೋಲ್ಟ್ ಗುಣಿಸು 16 ಆಂಪ್, 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು ಈ ಸಾಲಿನಿಂದಲೇ. 580 ಒಂದೇ 185 ವ್ಯಾಟ್. ಗೇಮ್‌ನಲ್ಲಿ 3600ಗೆ 60 ಅಂತ ಹಿಡಿದರೂ 245 ಆಯಿತು. ಇನ್ನು ಕ್ಷಣಮಾತ್ರಕ್ಕೆ ಏರುವ ಲೋಡ್ ಬೇರೆ. ವ್ಯಾಲರಂಟ್ ಕಾರ್ಡನ್ನು ಅಷ್ಟು ದುಡಿಸಲ್ಲ, ಅದಕ್ಕೇ ಅಲ್ಲಿ ಆಫ್ ಆಗಲ್ಲ.

ಕನ್ವರ್ಟರ್ ವಿಷಯ ಇದಕ್ಕಿಂತ ಗಂಭೀರ. ಒಂದು ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆಯುವುದು 54 ವ್ಯಾಟ್, ಎರಡು ಸೇರಿ 108. 8 ಪಿನ್‌ನಲ್ಲಿ ಕಾರ್ಡ್ 150ರವರೆಗೆ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಿದ್ದೂ ಇದೆ. ಪಿಸಿ ಆಫ್ ಆಗುತ್ತಿರುವುದು ಒಳ್ಳೆಯದೇ ಅಂದುಕೊಳ್ಳಿ.

ತೊಗರಿ_ನಾಡು:
ಲೆಕ್ಕ ಒಪ್ಪುತ್ತೇನೆ. ಆದರೂ ಪೇಸ್ಟ್ ಬದಲಿಸಿದರೆ ನಷ್ಟವೇನೂ ಇಲ್ಲ. ನಮ್ಮ ಕಡೆ ಕಲ್ಲಿನ ಧೂಳು ಬೇರೆ, ಹೀಟ್‌ಸಿಂಕ್ ಒಳಗೆ ಹಿಟ್ಟಿನ ಹಾಗೆ ಕೂತಿರುತ್ತದೆ.

ಭೀಮಾ_ತೀರ:
ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಸಂಜೆ ಓಣಿಯಲ್ಲಿ ಎಲ್ಲರೂ ಕೂಲರ್ ಹಚ್ಚಿದಾಗ ವೋಲ್ಟೇಜ್ ಇಳಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಆ ಲೋಡ್ ಎತ್ತಲ್ಲ. ಆಫ್ ಆದಾಗ ಮಾನಿಟರ್ ಲೈಟ್ ಕೂಡ ಹೋಗುತ್ತದಾ?

ಜೇವರ್ಗಿ_ರೋಡ್_ಗೇಮರ್:
ಇಲ್ಲ, ಮಾನಿಟರ್ ಲೈಟ್ ಇರುತ್ತದೆ, ‘ನೋ ಸಿಗ್ನಲ್’ ಅಂತ ಬರುತ್ತದೆ. ಕನ್ವರ್ಟರ್‌ನ ಒಂದು ಸಾಟಾ ತುದಿ ಕಂದು ಬಣ್ಣಕ್ಕೆ ತಿರುಗಿದೆ. ಬಿಚ್ಚಿಟ್ಟಿದ್ದೇನೆ. ಆದರೆ ಈಗ 4 ಸಾವಿರದ ಎಸ್‌ಎಂಪಿಎಸ್ ಎಲ್ಲಿಂದ ತರಲಿ? ಅದೇ ಅಲ್ಲ ಎಂದಾದರೆ ದುಡ್ಡು ಹೋದಂತೆಯೇ.

ಬೀದರ್_ಬಿಲ್ಡ್ಸ್:
80 ಪ್ಲಸ್ ಬ್ರಾಂಜ್ ತಗೊಳ್ಳಿ, ಕಣ್ಣು ಮುಚ್ಚಿ.

ಶಹಾಬಾದ್_ಕಲ್ಲು:
ಕಣ್ಣು ತೆರೆದೇ ತಗೊಳ್ಳಲಿ. 80 ಪ್ಲಸ್‌ನಿಂದ ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಗೊತ್ತಾಗುತ್ತದೆ, ಒಳಗಿನ ಕ್ಯಾಪಾಸಿಟರ್ ಹೇಗಿದೆ ಅಂತ ಗೊತ್ತಾಗಲ್ಲ. ಅದರ ಜೊತೆಗೆ ವಾರಂಟಿ ವರ್ಷ, 12 ವೋಲ್ಟ್ ಆಂಪ್ ಎರಡನ್ನೂ ನೋಡಬೇಕು.

ಮಾನಿಟರ್ ಲೈಟ್ ಇದ್ದರೆ ಯುಪಿಎಸ್ ನಿಂತಿಲ್ಲ. ದುಡ್ಡು ಹಾಕುವ ಮುಂಚೆ ಟೆಸ್ಟ್ ಮಾಡೋಣ. ನನ್ನ ಹತ್ತಿರ 550 ವ್ಯಾಟ್‌ದು ಸುಮ್ನೆ ಬಿದ್ದಿದೆ. ಭಾನುವಾರ ಸೂಪರ್ ಮಾರ್ಕೆಟ್ ಕಡೆ ಬರುತ್ತೇನೆ, ತಗೊಂಡು ಹೋಗಿ. ಅದರ ಜೊತೆಗಿನ ಕೇಬಲ್‌ಗಳನ್ನೇ ಹಾಕಿ. ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಬಿಚ್ಚಬಹುದಾದ) ಕೇಬಲ್ ನೋಡಲು ಒಂದೇ ಥರ ಇದ್ದರೂ ಕಂಪನಿಗೊಂದು ಪಿನ್ ಜೋಡಣೆ ಇರುತ್ತದೆ. ಬದಲಾದರೆ ಎಸ್‌ಎಸ್‌ಡಿ, ಬೋರ್ಡ್ ಎರಡೂ ಸುಡಬಹುದು.

ಜೇವರ್ಗಿ_ರೋಡ್_ಗೇಮರ್:
ಹಾಕಿದೆ. ನೇರ 8 ಪಿನ್. ಮಧ್ಯಾಹ್ನದಿಂದ ಸಂಜೆವರೆಗೆ ಜಿಟಿಎ ಆಡಿದೆ, ಆಫ್ ಆಗಲೇ ಇಲ್ಲ! ಬಿಸಿಲು ಹಾಗೇ ಇತ್ತು. ಶಹಾಬಾದ್ ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ. ಆದರೆ ಸಂಜೆ ಕೂಲರ್ ಹಚ್ಚಿದ ಕೂಡಲೇ ಯುಪಿಎಸ್ ಕೂಗಿತು. ಅದಕ್ಕೇನು ಮಾಡಲಿ?

ಭೀಮಾ_ತೀರ:
ಅದು ನಾನು ಹೇಳಿದ್ದೇ. ಕೂಲರ್ ಬೇರೆ ಸ್ವಿಚ್ ಬೋರ್ಡ್‌ಗೆ ಹಾಕಿ. ಗೇಮ್‌ನ ಫ್ರೇಮ್ ಸೆಕೆಂಡಿಗೆ 60ಕ್ಕೆ ಕಟ್ಟಿ, ರೇಡಿಯಾನ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಸ್ವಲ್ಪ ಇಳಿಸಿ. ಲೋಡ್ ಕಡಿಮೆಯಾಗುತ್ತದೆ, ತೊಗರಿಯವರ ಬಿಸಿಯೂ ಇಳಿಯುತ್ತದೆ.

ಸುರಪುರ_ಹುಡುಗ:
ನಂದೂ ಇದೇ ಥರ. ಹಳೆ ಆಫೀಸ್ ಪಿಸಿ, ಐ5 6500, ಅದಕ್ಕೆ ಜಿಟಿಎಕ್ಸ್ 1650 ಹಾಕಬೇಕು. 12ವಿ 18ಎ ಅಂತ ಇದೆ. ಆಗುತ್ತದಾ?

ಶಹಾಬಾದ್_ಕಲ್ಲು:
18ಎ ಅಂದರೆ 216 ವ್ಯಾಟ್. ಪ್ರೊಸೆಸರ್ 65, ಕಾರ್ಡ್ 75. ಆಗುತ್ತದೆ. ಆದರೆ 1650ರಲ್ಲಿ 6 ಪಿನ್ ಕೇಳುವ ಮಾಡೆಲ್‌ಗಳೂ ಇವೆ. ಕೇಳದ್ದನ್ನೇ ತಗೊಳ್ಳಿ. ಕ್ಯಾಬಿನೆಟ್ ತೆಳ್ಳಗಿದ್ದರೆ ಲೋ ಪ್ರೊಫೈಲ್ (ಗಿಡ್ಡ) ಕಾರ್ಡ್ ಬೇಕಾಗುತ್ತದೆ, ಒಳಗಿನ ಜಾಗ ಅಳೆದು ಹೊಸ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.