ಟಿಡಿ ಎರಡೂ ಡೋಸ್ ಆಗಿದೆ, ಏಳನೇ ತಿಂಗಳಲ್ಲಿ ಟಿಡ್ಯಾಪ್ ಮತ್ತು ಫ್ಲೂ ಲಸಿಕೆ ಬೇಕಾ?

ತೆಂಗಿನತೋಟ:
ನನ್ನ ತಂಗಿಗೆ ಈಗ 29 ವಾರ, ಚೊಚ್ಚಲು. ತಾಯಿ ಕಾರ್ಡಿನಲ್ಲಿ ಟಿಡಿ-1, ಟಿಡಿ-2 ಎರಡೂ ಬರೆದಿದೆ, ಊರಿನ ಉಪಕೇಂದ್ರದಲ್ಲಿ ಸಿಸ್ಟರ್ ಹಾಕಿದ್ದು. ಈಗ ಸ್ಕ್ಯಾನಿಂಗ್ ಮಾಡುವ ಖಾಸಗಿ ಡಾಕ್ಟರು ಟಿಡ್ಯಾಪ್ ಒಂದು, ಫ್ಲೂ ಲಸಿಕೆ ಒಂದು ಬರೆದುಕೊಟ್ಟಿದ್ದಾರೆ. ಉಪಕೇಂದ್ರದಲ್ಲಿ ವಿಚಾರಿಸಿದರೆ, ಅವು ನಮ್ಮಲ್ಲಿ ಬರಲ್ಲ, ನಮ್ಮ ಲೆಕ್ಕದಲ್ಲಿ ನಿಮ್ಮದು ಮುಗಿದಿದೆ ಅಂದರು. ಹೊಟ್ಟೆಯಲ್ಲಿ ಕೂಸಿರುವಾಗ ಇಷ್ಟೊಂದು ಸೂಜಿ ಯಾಕೆ, ಜ್ವರ ಬಂದರೆ ಕೂಸಿಗೇ ತಟ್ಟೋದು ಅಂತ ಅವಳ ಅತ್ತೆ ಒಪ್ಪುತ್ತಿಲ್ಲ. ಬ್ಲಡ್ ಗ್ರೂಪ್ ಓ ನೆಗೆಟಿವ್, ಹೋದ ವಾರ ಆಂಟಿ-ಡಿ ಇಂಜೆಕ್ಷನ್ನೂ ಆಗಿದೆ. ಈ ಎರಡು ನಿಜಕ್ಕೂ ಬೇಕಾ? ಬೇಕಾದರೆ ಯಾವುದು ಯಾವಾಗ?

ಲಸಿಕೆಕೊಠಡಿ:
ಟಿಡಿ ಕಾಯುವುದು ಧನುರ್ವಾಯು ಮತ್ತು ಗಂಟಲಮಾರಿ, ಈ ಎರಡರಿಂದ ಮಾತ್ರ. ಟಿಡ್ಯಾಪ್‌ನಲ್ಲಿ ನಾಯಿಕೆಮ್ಮಿನ ಲಸಿಕೆಯೂ ಸೇರಿದೆ. ಸಿಸ್ಟರ್ ಹೇಳಿದ್ದು ತಪ್ಪಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಇರುವುದು ಟಿಡಿ, ಅದು ಮುಗಿದಿದೆ. ಆ ಕಾರ್ಯಕ್ರಮ ಸಾಧಿಸಿದ್ದೂ ಸಣ್ಣದಲ್ಲ: ಬಾಣಂತಿಯರ, ಎಳೆಗೂಸುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ದೃಢಪಟ್ಟಿತು. ಆದರೆ ನಾಯಿಕೆಮ್ಮಿನ ಮಟ್ಟಿಗೆ ನಿಮ್ಮ ತಂಗಿಗೆ ಈ ಬಸಿರಿನಲ್ಲಿ ಇನ್ನೂ ಏನೂ ಆಗಿಲ್ಲ.

ಟಿಡ್ಯಾಪ್ ಹಾಕುವುದು ಮುಖ್ಯವಾಗಿ ಹುಟ್ಟುವ ಮಗುವಿಗಾಗಿ. ಮಗುವಿಗೆ ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಪೆಂಟಾವೇಲೆಂಟ್ ಶುರುವಾಗುವುದೇ 6ನೇ ವಾರಕ್ಕೆ, ಆಮೇಲೆ 10 ಮತ್ತು 14. ನಾಯಿಕೆಮ್ಮು ಅತಿ ಅಪಾಯಕಾರಿಯಾಗುವುದು ಸರಿಯಾಗಿ ಆ ಮೊದಲ ಎರಡು ಮೂರು ತಿಂಗಳಲ್ಲಿ. ಅಷ್ಟು ಚಿಕ್ಕ ಕೂಸು ಕೆಮ್ಮದೆಯೂ ಇರಬಹುದು, ಇದ್ದಕ್ಕಿದ್ದಂತೆ ಉಸಿರು ನಿಂತು ತುಟಿ ನೀಲಿಯಾಗುತ್ತದೆ. ಮನೆಯಲ್ಲಿ ದೊಡ್ಡವರಿಗೆ ಬರೀ ಹಟಮಾರಿ ಕೆಮ್ಮಿನ ಹಾಗೆ ಕಾಣುವುದರಿಂದ ಯಾರಿಂದ ಅಂಟಿತು ಅನ್ನುವುದೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ತಾಯಿಗೆ ಲಸಿಕೆ ಹಾಕಿದ ಎರಡು ವಾರದ ಹೊತ್ತಿಗೆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ರಕ್ತದಲ್ಲಿ ಚೆನ್ನಾಗಿ ಏರುತ್ತವೆ, ಮಾಸಿನ ಮೂಲಕ ಮಗುವಿಗೆ ದಾಟುತ್ತವೆ. ಈ ದಾಟುವಿಕೆ ಕೊನೆಯ ಮೂರು ತಿಂಗಳಲ್ಲೇ ಹೆಚ್ಚು. ಅದಕ್ಕೇ 27ರಿಂದ 36 ವಾರ ಅನ್ನುವ ಲೆಕ್ಕ, ನಮ್ಮ ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ಹೇಳುವುದೂ ಇದನ್ನೇ. ದಿನ ತುಂಬುವ ಮೊದಲೇ ಹೆರಿಗೆಯಾದರೆ ಕೈತಪ್ಪಿಹೋಗುತ್ತದಾದ್ದರಿಂದ 35ರವರೆಗೆ ತಳ್ಳಬೇಡಿ, 29 ಒಳ್ಳೆಯ ಸಮಯ. ಹೆರಿಗೆಯಾದ ಮೇಲೆ ಹಾಕಿಸಿದರೆ ತಾಯಿಯಿಂದ ಮಗುವಿಗೆ ರೋಗ ಅಂಟುವುದು ತಪ್ಪಬಹುದು, ಮಾಸಿನ ಮೂಲಕ ಸಿಗುವ ರಕ್ಷಣೆ ಸಿಗುವುದಿಲ್ಲ. ಪ್ರತಿಕಾಯಗಳು ಇಳಿದುಹೋಗುವುದರಿಂದ ಮುಂದಿನ ಬಸಿರಿನಲ್ಲಿ ಮತ್ತೆ ಹಾಕಿಸಬೇಕು.

ಟಿಡಿ-2 ಆಗಿ ಇಷ್ಟೇ ದಿನ ಕಳೆಯಬೇಕು ಅಂತ ನಿಯಮವಿಲ್ಲ. ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಟಿಡಿ-2 ಇನ್ನೂ ಆಗಿಲ್ಲದಿದ್ದರೆ ಅದರ ಬದಲೇ ಟಿಡ್ಯಾಪ್ ಹಾಕಿಸಬಹುದು, ಒಂದು ಸೂಜಿ ಉಳಿಯುತ್ತದೆ.

ಹೆರಿಗೆವಾರ್ಡ್:
ಟಿಡ್ಯಾಪ್ ಬಗ್ಗೆ ಮೇಲಿನದು ಸರಿ. ಫ್ಲೂ ಲಸಿಕೆಗೆ ಬಸಿರಿನ ವಾರಕ್ಕಿಂತ ಊರಿನಲ್ಲಿ ಜ್ವರದ ಕಾಲ ಯಾವುದು ಅನ್ನುವುದೇ ಮುಖ್ಯ. ನಮ್ಮಲ್ಲಿ ಮಳೆಗಾಲದಲ್ಲಿ ಒಮ್ಮೆ, ವರ್ಷದ ಮೊದಲ ತಿಂಗಳುಗಳಲ್ಲಿ ಇನ್ನೊಮ್ಮೆ ಫ್ಲೂ ಏರುತ್ತದೆ. ಫಾಗ್ಸಿ 26 ವಾರದಿಂದ ಅನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಯಾವ ತಿಂಗಳಾದರೂ ಸರಿ ಅನ್ನುತ್ತದೆ. ಸುತ್ತಲೂ ಫ್ಲೂ ಇರುವಾಗ 26 ಆಗಲಿ ಅಂತ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ತಂಗಿಗೆ ಆ ಪ್ರಶ್ನೆಯೇ ಇಲ್ಲ, 26 ದಾಟಿದೆ. ಗರ್ಭಿಣಿಗೆ ಫ್ಲೂ ಬಂದರೆ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚು. 2009ರ ಎಚ್1ಎನ್1 ಸಮಯದಲ್ಲಿ ಇದು ಜಗತ್ತಿನೆಲ್ಲೆಡೆ ಕಂಡುಬಂತು. ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ಆದ್ದರಿಂದ ಅಲ್ಲೂ ತಾಯಿಯ ಪ್ರತಿಕಾಯವೇ ಆಧಾರ.

ಎರಡನ್ನೂ ಒಂದೇ ದಿನ ಹಾಕಿಸಬಹುದು, ಒಂದು ಎಡ ರಟ್ಟೆಗೆ, ಒಂದು ಬಲ ರಟ್ಟೆಗೆ. ತಲಾ 0.5 ಎಂಎಲ್. ಫ್ಲೂಗೆ ನಿರ್ಜೀವ ಲಸಿಕೆಯ ಇಂಜೆಕ್ಷನ್ನೇ ಆಗಬೇಕು, ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆ ಗರ್ಭಿಣಿಗಲ್ಲ. ಆ ಲಸಿಕೆ ವರ್ಷ ವರ್ಷ ಬದಲಾಗುತ್ತದೆ, ಡಬ್ಬಿಯ ಮೇಲಿನ ವರ್ಷ ಮತ್ತು ಎಕ್ಸ್‌ಪೈರಿ ನೋಡಿ.

ಆಂಟಿ-ಡಿ ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಇವೆರಡಕ್ಕೂ ಅದು ಅಡ್ಡಿ ಬರುವುದಿಲ್ಲ, ಅಂತರ ಬೇಡ.

ಅತ್ತೆಯವರ ಜ್ವರದ ಭಯವನ್ನು ತಳ್ಳಿಹಾಕಬೇಡಿ, ಬಸಿರಿನಲ್ಲಿ ಜ್ವರ ಇಳಿಸಲೇಬೇಕು. ಈ ಲಸಿಕೆಗಳಿಗೆ ಸಾಮಾನ್ಯವಾಗಿ ಆಗುವುದು ಒಂದೆರಡು ದಿನ ರಟ್ಟೆ ನೋವು, ಸ್ವಲ್ಪ ಊತ, ಮೈಕೈ ನೋವು. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ 500 ಅಥವಾ 650, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ಮಾತ್ರೆ ಬೇಡ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಲ್ಲವು. ಎರಡು ದಿನ ಮೀರಿದ ಜ್ವರವನ್ನು ಲಸಿಕೆಯ ತಲೆಗೆ ಕಟ್ಟಬೇಡಿ. ಡೆಂಗಿ, ಮೂತ್ರದ ಸೋಂಕು ನೋಡಿಸಬೇಕು. ಮಗುವಿನ ಒದೆತ ಕಡಿಮೆ ಅನಿಸಿದರೆ ಜ್ವರ ಇರಲಿ ಬಿಡಲಿ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಿಂದೆ ಇದೇ ಲಸಿಕೆಗೆ ಉಸಿರು ಕಟ್ಟಿ ಮುಖ ಊದಿದ್ದರೆ ಹಾಕಿಸಬಾರದು. ನೆಗಡಿ ಇದ್ದರೆ ಅಡ್ಡಿಯಿಲ್ಲ.

ಶೀತಸರಪಳಿ:
ಲಸಿಕೆಯನ್ನು ಮೆಡಿಕಲ್ ಶಾಪಿನಿಂದ ನೀವೇ ಕೊಂಡೊಯ್ಯಬೇಕಾಗಿ ಬಂದರೆ ಎಚ್ಚರ. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಎಲ್ಲರೂ ಬಿಸಿಲಿಗೆ ಹೆದರುತ್ತಾರೆ, ಟಿಡ್ಯಾಪ್‌ಗೆ ಹೆಪ್ಪುಗಟ್ಟುವುದು ಇನ್ನೂ ಕೆಟ್ಟದ್ದು. ಅದರಲ್ಲಿ ಅಲ್ಯೂಮಿನಿಯಂ ಲವಣ ಇದೆ, ಒಮ್ಮೆ ಹೆಪ್ಪುಗಟ್ಟಿದರೆ ಅದು ಗರಣೆಯಾಗಿ ಕೂರುತ್ತದೆ, ಕರಗಿಸಿದರೂ ಲಸಿಕೆ ಸರಿಹೋಗುವುದಿಲ್ಲ. ಫ್ರೀಜರಿನಲ್ಲಿಡಬೇಡಿ, ಐಸ್‌ಗೆ ನೇರವಾಗಿ ತಾಗಿಸಬೇಡಿ. ಐಸ್ ಪ್ಯಾಕಿಗೂ ಡಬ್ಬಿಗೂ ನಡುವೆ ದಪ್ಪ ಬಟ್ಟೆ ಇರಲಿ. ಇದಕ್ಕಿಂತ ಒಳ್ಳೆಯದು, ಫ್ರಿಜ್ಜಿನಲ್ಲಿ ಲಸಿಕೆ ಇಟ್ಟುಕೊಂಡು ತಾವೇ ಹಾಕುವ ಕ್ಲಿನಿಕ್ಕಿಗೆ ಹೋಗುವುದು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಲಸಿಕೆಯ ಹೆಸರು, ಬ್ಯಾಚ್ ನಂಬರು, ದಿನಾಂಕ ತಾಯಿ ಕಾರ್ಡಿನಲ್ಲಿ ಬರೆಸಿ. ಬರೀ 'ಟಿಟಿ' ಅಂತ ಗೀಚಿದರೆ ಹೆರಿಗೆಗೆ ತವರಿಗೆ ಹೋದಾಗ ಅಲ್ಲಿನವರಿಗೆ ಏನೂ ತಿಳಿಯುವುದಿಲ್ಲ.

ಬಯಲುಸೀಮೆ:
ಇದರ ಜೊತೆಗೇ ಕೇಳುತ್ತೇನೆ. ನಮ್ಮ ಅತ್ತಿಗೆಗೆ ಐದು ತಿಂಗಳು. ಬೆಳಿಗ್ಗೆ ಬೀದಿನಾಯಿ ಕಾಲಿಗೆ ಕಚ್ಚಿ ರಕ್ತ ಬಂದಿದೆ. ಬಸುರಿಗೆ ಆ ಇಂಜೆಕ್ಷನ್ ಹಾಕಿಸಬಾರದು, ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಹೋಗಿ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ.

ಲಸಿಕೆಕೊಠಡಿ:
ಕಾಯಬೇಡಿ, ಇವತ್ತೇ ಹೊರಡಿ. ಬಸಿರು ರೇಬೀಸ್ ಲಸಿಕೆಗೆ ಅಡ್ಡಿಯೇ ಅಲ್ಲ, ಅದು ನಿರ್ಜೀವ ಲಸಿಕೆ. ಗರ್ಭಿಣಿಗೆ ಮುಂದೂಡುವುದು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ), ಸೀತಾಳೆ ಸಿಡುಬಿನಂಥ ಸಜೀವ ಲಸಿಕೆಗಳನ್ನು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ.

ಮೊದಲು ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ರಕ್ತ ಬಂದಿದೆ ಅಂದರೆ ಮೂರನೇ ದರ್ಜೆಯ ಕಡಿತ: ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ರೇಬೀಸ್ ಇಮ್ಯುನೊಗ್ಲೋಬ್ಯುಲಿನ್ ಹಾಕಬೇಕು. ಅದನ್ನು ಬಾಯಿಬಿಟ್ಟು ಕೇಳಿ. ಅದು ಎಲ್ಲ ಕಡೆ ಇರುವುದಿಲ್ಲ. ಇಲ್ಲವೆಂದರೆ ಲಸಿಕೆಯನ್ನು ಅಲ್ಲೇ ಶುರು ಮಾಡಿಸಿಕೊಂಡು, ಅದಕ್ಕಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಹಾಕುವ ಕ್ರಮವಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28. ಇವತ್ತಿನದೇ 0. ಟಿಡಿ ಯಾವಾಗ ಆಗಿದೆ ಅಂತ ತಿಳಿಯಲು ತಾಯಿ ಕಾರ್ಡನ್ನೂ ಒಯ್ಯಿರಿ.