ಮೆಮೊರಿ ‘ಆನ್‌ಲೈನ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೆಮೊರಿ ಹಾಟ್‌ಪ್ಲಗ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓಡುತ್ತಿರುವ ವರ್ಚುವಲ್ ಮಶೀನ್‌ಗೆ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ರೀಬೂಟ್ ಮಾಡದೆಯೇ ಇನ್ನಷ್ಟು ಮೆಮೊರಿ ಕೊಡುವ ಕೆಲಸ ಇದು. ಮೆಮೊರಿ, ಕರ್ನಲ್, ಹಾಟ್‌ಪ್ಲಗ್ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇರುವ ಪದಗಳೇ. ‘ಬಿಸಿಜೋಡಣೆ’ ಅಂತೆಲ್ಲ ಮಾಡುವುದು ಬೇಡ. ನನಗೆ ಬೇಕಿರುವುದು ಕ್ರಿಯಾಪದ.

ಈ ಕೆಲಸಕ್ಕೆ ಎರಡು ಹಂತ ಇದೆ. ಹೊಸ ಮೆಮೊರಿ ಬಂದಿದೆ ಅಂತ ಕರ್ನಲ್ ಮೊದಲು ದಾಖಲಿಸಿಕೊಳ್ಳುತ್ತದೆ. ಇದು ‘ಆಡ್’. ಆಮೇಲೆ ಅದನ್ನು ಪ್ರೋಗ್ರಾಮ್‌ಗಳಿಗೆ ಹಂಚಲು ಶುರು ಮಾಡುತ್ತದೆ. ಇದು ‘ಆನ್‌ಲೈನ್’. ಆದರೆ ‘ಆನ್‌ಲೈನ್ ಮೆಮೊರಿ’ ಅಂದರೆ ನಮ್ಮ ಓದುಗರು ಇಂಟರ್‌ನೆಟ್ಟಿನಲ್ಲಿರುವ ಜಾಗ ಅಂದುಕೊಳ್ಳುತ್ತಾರೆ, ಅಲ್ವಾ?

ಎರಡಕ್ಕೂ ಸೇರಿಸಿ ‘ಮೆಮೊರಿ ಹೆಚ್ಚಿಸು’ ಅಂದುಬಿಡಬಹುದು. ಆದರೆ ಅದು ತಪ್ಪಾಗುತ್ತದೆ. ಸಾಮಾನ್ಯ ಎಕ್ಸ್86 (ಇಂಟೆಲ್, ಎಎಮ್‌ಡಿ ಪ್ರೊಸೆಸರ್ ಬಗೆಯ) ವರ್ಚುವಲ್ ಮಶೀನ್‌ಗೆ 2 ಜಿಬಿ ಕೊಟ್ಟಿರಿ ಅನ್ನಿ. ಕರ್ನಲ್ ಅದನ್ನು 128 ಎಂಬಿಯ 16 ತುಂಡುಗಳಾಗಿ ನೋಡುತ್ತದೆ. ಮೆಮೊರಿಯನ್ನು ಅದು 4 ಕೆಬಿಯ ‘ಪುಟ’ಗಳಾಗಿ ಹಂಚುತ್ತದೆ. ಪ್ರತಿ ಪುಟದ ಲೆಕ್ಕ ಇಡಲು 64 ಬೈಟ್ ಬೇಕು. ಒಟ್ಟು 32 ಎಂಬಿ. ಬೇರೆ ಏರ್ಪಾಡು ಮಾಡದಿದ್ದರೆ ಇದು ಹಳೆಯ ಮೆಮೊರಿಯಿಂದಲೇ ಹೋಗುತ್ತದೆ. ಅಂದರೆ ಮೊದಲ ಹಂತ ಮುಗಿದಾಗ ಬಳಸಲು ಸಿಗುವ ಮೆಮೊರಿ ಹೆಚ್ಚಾಗಿರುವುದಿಲ್ಲ, ಸ್ವಲ್ಪ ಕಡಿಮೆಯೇ ಆಗಿರುತ್ತದೆ! ಮೆಮೊರಿ ಪೂರ್ತಿ ಖಾಲಿಯಾದ ಮಶೀನ್‌ಗೆ ಹೊಸದನ್ನು ಸೇರಿಸಲು ಹೋದರೆ ಕೆಲವೊಮ್ಮೆ ಕೆಲಸ ಕೆಡುವುದೂ ಇದರಿಂದಲೇ. ಎರಡನೇ ಹಂತ ತಾನಾಗಿ ನಡೆಯುವಂತೆ ಸೆಟ್ಟಿಂಗ್ ಇಲ್ಲದಿದ್ದರೆ ಮೆಮೊರಿ ಎಷ್ಟಿದೆ ಅಂತ ತೋರಿಸುವ ‘ಫ್ರೀ’ ಕಮಾಂಡ್ ಕೊಟ್ಟಾಗ ಆ 2 ಜಿಬಿ ಕಾಣುವುದೇ ಇಲ್ಲ. ಎಷ್ಟೋ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಹಾಗಾಗಿ ಎರಡು ಪದ ಬೇಕೇ ಬೇಕು.

ನನ್ನ ಸಲಹೆ: ಮೊದಲನೆಯದಕ್ಕೆ ‘ಜೋಡಿಸು’, ಎರಡನೆಯದಕ್ಕೆ ‘ಬಳಕೆಗೆ ಬಿಡು’. ಹೊಸ ರೂಟಿಗೆ ಬಸ್ ಬಿಟ್ಟರು ಅನ್ನುತ್ತೇವಲ್ಲ, ಆ ‘ಬಿಡು’.

ವಾಪಸ್ ತೆಗೆಯುವಾಗ ಮಾತ್ರ ‘ಬಳಕೆಯಿಂದ ತೆಗೆ’ ನನಗೆ ಸಾಲದು ಅನ್ನಿಸುತ್ತದೆ. ಅಲ್ಲಿ ತುಂಡಿನೊಳಗಿನ ಪುಟಗಳನ್ನೆಲ್ಲ ಮೊದಲು ಬೇರೆ ಕಡೆ ಸಾಗಿಸಬೇಕು. ಕರ್ನಲ್ ತನ್ನ ಸ್ವಂತಕ್ಕೆ ಇಟ್ಟುಕೊಂಡ ಪುಟಗಳು ಸಾಮಾನ್ಯವಾಗಿ ಜಾಗ ಬಿಟ್ಟು ಕದಲುವುದಿಲ್ಲ. ಅಂಥದ್ದು ಒಂದೇ ಒಂದು ಇದ್ದರೂ ಇಡೀ ತುಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆ ‘ತೆರವು ಮಾಡು’ ಚೆನ್ನಾಗಿ ಹೊಂದುತ್ತದೆ. ಆಮೇಲೆ ಆ ಮೆಮೊರಿಯನ್ನು ಕರ್ನಲ್ ತನ್ನ ದಾಖಲೆಯಿಂದ ತೆಗೆಯುವುದಕ್ಕೆ ‘ಕಳಚು’. 2020ರಲ್ಲಿ ಲಿನಕ್ಸ್ 5.8ಕ್ಕೆ ಬಂದ ವರ್ಟಿಯೋ-ಮೆಮ್ (ವರ್ಚುವಲ್ ಮಶೀನ್‌ಗೆ ಮೆಮೊರಿ ಕೊಡುವ ಇನ್ನೊಂದು ವಿಧಾನ) ಇನ್ನೂ ಚಿಕ್ಕ ತುಂಡುಗಳಲ್ಲಿ ಕೊಟ್ಟು ತೆಗೆಯುತ್ತದೆ. ಅಲ್ಲಿಗೂ ಇದೇ ಪದಗಳು ಸಾಕು.

‘ತೆರವು’ ಅಂದರೆ ಒತ್ತುವರಿ ತೆರವೇ ನೆನಪಾಗುತ್ತದೆಯೇ? ‘ಖಾಲಿ ಮಾಡು’ ಅಂದರೆ ಸಾಕೇ? ಸರ್ವರ್ ನೋಡಿಕೊಳ್ಳುವವರು ಮಾತಿನಲ್ಲಿ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.